ಯಾರಿಗೆ ಎಷ್ಟು ಭಾರ?

ಶರೀರವು ಸಾಧನೆಯ ಮೊದಲ ಉಪಕರಣವೆಂಬ ಮಾತನ್ನು ನಾವು ಮಠದ ಪಾಠಶಾಲೆಯಲ್ಲಿ ಬಾಲ್ಯದಿಂದಲೇ ಕೇಳುತ್ತ ಬೆಳೆದವರು. ಆದರೆ ಕೇಳಿದ್ದೆಲ್ಲವೂ ಅರಿವಾಗಿ ಪರಿಣಮಿಸಬೇಕಾದರೆ ಕಾಲ ಕೂಡಿಬರಬೇಕು. ನಮಗೆ ಆ ಕಾಲ ಕೂಡಿಬಂದದ್ದು ಅರವತ್ತೈದನೆಯ ವಯಸ್ಸಿನಲ್ಲಿ, ಅದೂ ಮೂರು ವಾರ ಹಾಸಿಗೆ ಹಿಡಿದ ಮೇಲೆ. ನಮ್ಮ ಅವಿವೇಕದಿಂದ ನಾವು ಕಲಿತ ಪಾಠವು ಇತರ ಮನೆತನಗಳಿಗೂ ಉಪಯುಕ್ತವಾದೀತೆಂದು ಭಾವಿಸಿ, ಸಂಕೋಚವನ್ನು ಬದಿಗಿರಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಮೂಲಸ್ಥಳ ಧಾರವಾಡ ಸೀಮೆಯ ಒಂದು ಹಳ್ಳಿ. ಮಗನಿಗೆ ಬ್ಯಾಂಕಿನ ಕೆಲಸ. ಅವನಿಗೆ ಮಂಗಳೂರಿಗೆ ವರ್ಗವಾದಾಗ ಅವನ ಸಂಸಾರದೊಡನೆ ನಾವೂ ಬಂದು ಉರ್ವದಲ್ಲಿ ನೆಲೆಸಿದೆವು. ಮುಂಜಾನೆ ಲಿಂಗಪೂಜೆ ಮುಗಿಸಿ, ಮಾರಿಗುಡಿಯ ಮುಂದಿನಿಂದ ಲೇಡಿಹಿಲ್ ಕಡೆಗೆ ನಡೆದು ಹಿಂದಿರುಗುವುದು ನಮ್ಮ ನಿತ್ಯಕ್ರಮವಾಯಿತು. ಆದರೆ ಎರೆಭೂಮಿಯಲ್ಲಿ ಮೋಡವನ್ನು ಕಾಯುತ್ತ ಬಾಳಿದ ನಮಗೆ ಕರಾವಳಿಯ ಮಳೆಯ ಸ್ವಭಾವ ತಿಳಿದಿರಲಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ನಡಿಗೆ ನಿಲ್ಲುತ್ತದೆ, ಹಸಿವು ಮಾತ್ರ ನಿಲ್ಲುವುದಿಲ್ಲ. ರೊಟ್ಟಿಯ ಜೊತೆಗೆ ಇಲ್ಲಿಯ ಕುಚ್ಚಲಕ್ಕಿ ಅನ್ನವೂ ನಾಲಗೆಗೆ ಹಿಡಿಸಿತು. ಒಂದೇ ಮಳೆಗಾಲದಲ್ಲಿ ಮನೆಯವರೆಲ್ಲರ ತೂಕವೂ ಏರಿತು.

ನಮ್ಮ ಸೊಸೆಯ ಸಂಗತಿ ಇದಕ್ಕಿಂತ ಗಂಭೀರವಾದದ್ದು. ಎರಡನೆಯ ಬಸಿರಿನ ಕಾಲದಲ್ಲಿ ಅವಳ ರಕ್ತದಲ್ಲಿ ಸಕ್ಕರೆಯ ಅಂಶ ಏರಿತ್ತು. ಹೆರಿಗೆಯ ನಂತರ ಅದು ಇಳಿಯಿತಾದರೂ, ಗರ್ಭಿಣಿಯಿದ್ದಾಗ ಹೀಗಾದ ಹೆಣ್ಣುಮಕ್ಕಳಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಬಹಳ ಹೆಚ್ಚೆಂದೂ, ತೂಕ ಇಳಿಸುವುದೇ ಅದನ್ನು ತಡೆಯುವ ಮುಖ್ಯ ಉಪಾಯವೆಂದೂ ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅವಳ ತಾಯಿ ಇದೇ ರೋಗದಿಂದ ಒಂದು ಪಾದವನ್ನು ಕಳೆದುಕೊಂಡವರು. ಆ ತಾಯಿಯ ಗಾಯವನ್ನು ತೊಳೆದು ಕಟ್ಟಿದ ಕೈಗಳು ಇವಳವೇ. ಹೀಗಿರುವಾಗ 72 ಕಿಲೋ ಎಂಬ ಅಂಕಿಯನ್ನು ಅವಳು ಯಾವ ಭಯದಿಂದ ನೋಡುತ್ತಿದ್ದಳೆಂಬುದನ್ನು ನಾವು ಆಗಲೇ ಊಹಿಸಬೇಕಾಗಿತ್ತು.

2023ರ ಮಳೆಗಾಲದಲ್ಲಿ ಮಗನು ಮನೆಯೊಳಗೇ ವ್ಯಾಯಾಮ ಮಾಡೋಣವೆಂದು ಹಿಡಿಕೆಯುಳ್ಳ ಒಂದು ಕಬ್ಬಿಣದ ಗುಂಡನ್ನು ತಂದ. ಇದಕ್ಕೆ ಕೆಟಲ್‌ಬೆಲ್ ಎನ್ನುತ್ತಾರೆ. ನೋಡಲು ಬುಡ ಚಪ್ಪಟೆಯಾದ ದುಂಡು ಚೆಂಬಿಗೆ ಮೇಲೊಂದು ಬಳೆಯನ್ನು ಬೆಸೆದಂತಿರುತ್ತದೆ. ಇದು ರಷ್ಯಾ ದೇಶದ ಕೊಡುಗೆ. ಅಲ್ಲಿಯ ಸಂತೆಗಳಲ್ಲಿ ಧಾನ್ಯ ತೂಗುವಾಗ ತಕ್ಕಡಿಗೆ ಇಡುತ್ತಿದ್ದ ತೂಕದ ಗುಂಡೇ ಕ್ರಮೇಣ ರೈತರ ಶಕ್ತಿಪರೀಕ್ಷೆಯ ಸಾಧನವಾಯಿತು. ಅಲ್ಲಿ 'ಪೂದ್' ಎಂಬುದು ಹಳೆಯ ಅಳತೆ. ನಮ್ಮ ಲೆಕ್ಕಕ್ಕೆ 16.38 ಕಿಲೋ. ಒಂದು, ಒಂದೂವರೆ, ಎರಡು ಪೂದಿನ ಗುಂಡುಗಳೇ ಇಂದಿನ 16, 24, 32 ಕಿಲೋ ಗುಂಡುಗಳು. ಅಂದರೆ ಆ ಅಳತೆಗಳು ಧಾನ್ಯಕ್ಕಾಗಿ ನಿಶ್ಚಯಿಸಿದವೇ ಹೊರತು ಮನುಷ್ಯನ ಬೆನ್ನನ್ನು ನೋಡಿ ನಿಶ್ಚಯಿಸಿದವಲ್ಲ. ಈ ಸೂಕ್ಷ್ಮ ನಮಗೆ ಹೊಳೆದದ್ದು ತಡವಾಗಿ.

ಭಾರ ಎತ್ತುವುದು ನಮಗೇನೂ ಹೊಸದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಜೋಳದ ಚೀಲ ಹೊರುವ ಪಂದ್ಯಗಳನ್ನು ನೋಡದ ಹಿರಿಯರು ವಿರಳ. ಊರೂರಿಗೂ ಗರಡಿಮನೆ, ಅಲ್ಲಿ ದಂಡ, ಬೈಠಕ್, ಗದೆ. ಇಲ್ಲಿಯ ತುಳುನಾಡಿನಲ್ಲಿ ಗರಡಿಯೆಂದರೆ ಕೋಟಿ ಚೆನ್ನಯರೆಂಬ ಅವಳಿ ವೀರರನ್ನು ಆರಾಧಿಸುವ ಪುಣ್ಯಸ್ಥಳ. ಬಲವನ್ನು ಪೂಜ್ಯವೆಂದು ಬಗೆದ ನಾಡು ಇದು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರ್ ಅವರು ಅಂಚೆಯ ಮೂಲಕವೂ ಅಂಗಸಾಧನೆಯನ್ನು ಕಲಿಸಿದವರು. 'ಶಾಂತಲಾ' ಕಾದಂಬರಿಯನ್ನು ಬರೆದವರೂ ಅವರೇ ಎಂಬುದು ಸಾಹಿತ್ಯಪ್ರಿಯರಿಗೆ ತಿಳಿದಿದೆ. ವಿದ್ಯೆಗೂ ವ್ಯಾಯಾಮಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವರಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ಪಾಠಶಾಲೆಯಲ್ಲಿಯೂ ಒಂದು ಚಿಕ್ಕ ಗರಡಿಯಿತ್ತು. ವ್ಯಾಕರಣ ಹೇಳುತ್ತಿದ್ದ ಗುರುಗಳೇ ಅದನ್ನೂ ನೋಡಿಕೊಳ್ಳುತ್ತಿದ್ದರು. ಗೋಡೆಯ ಬದಿಗೆ ಏಳೆಂಟು ಕಲ್ಲುಗಳು ಗಾತ್ರದ ಕ್ರಮದಲ್ಲಿ ಇರುತ್ತಿದ್ದವು. ಯಾವ ಹುಡುಗ ಯಾವ ಕಲ್ಲನ್ನು ಮುಟ್ಟಬೇಕೆಂಬುದನ್ನು ಹುಡುಗ ನಿರ್ಧರಿಸುತ್ತಿರಲಿಲ್ಲ, ಗುರುಗಳು ನಿರ್ಧರಿಸುತ್ತಿದ್ದರು. ಹುಮ್ಮಸ್ಸಿನಿಂದ ದೊಡ್ಡ ಕಲ್ಲಿಗೆ ಕೈಹಾಕಿದವನನ್ನು ತಡೆದು, "ಜಾತ್ರಿಗೆ ಒಮ್ಮೆ ಎತ್ತೂ ಕಲ್ಲು ಬ್ಯಾರೆ, ದಿನಾ ಎತ್ತೂ ಕಲ್ಲು ಬ್ಯಾರೆ. ನಿನಗ ಯಾವುದು ಬೇಕಾಗೇತಿ?" ಎಂದು ಕೇಳುತ್ತಿದ್ದರು. ನಾವು ಆ ಕಲ್ಲುಗಳನ್ನು ನೆನಪಿಟ್ಟುಕೊಂಡೆವು, ಗುರುಗಳ ಪ್ರಶ್ನೆಯನ್ನು ಮರೆತೆವು.

ಮಗನು ಗುಂಡನ್ನು ತಂದ ವಾರದಲ್ಲಿಯೇ ಸೊಸೆಯೂ ತನಗೊಂದು ಬೇಕೆಂದಳು. ನಾವೇ ಉತ್ಸಾಹದಿಂದ ಅಂಗಡಿಗೆ ಹೋದೆವು. "ಮನೆಯ ಹೆಂಗಸರಿಗಾದರೆ ಎರಡು ಕಿಲೋ ಸಾಕು" ಎಂದ ಅಂಗಡಿಯವನ ಮಾತು ನಮಗೂ ಯೋಗ್ಯವೆನಿಸಿ, ಬಣ್ಣದ ಹೊದಿಕೆಯ ಎರಡು ಕಿಲೋ ಗುಂಡೊಂದನ್ನು ತಂದುಕೊಟ್ಟೆವು. ಅವಳು ಅದನ್ನು ಎರಡು ಕೈಯಿಂದ ತೆಗೆದುಕೊಂಡು ನಮಸ್ಕರಿಸಿದಳು. ಎರಡು ತಿಂಗಳು ದಿನವೂ ತಪ್ಪದೆ ಅದನ್ನು ಎತ್ತಿದಳು. ತೂಕ ಮಾತ್ರ ಕದಲಲಿಲ್ಲ.

ಆಗಸ್ಟ್ ತಿಂಗಳ ಒಂದು ಸಂಜೆ. ಹೊರಗೆ ಧಾರಾಕಾರ ಮಳೆ. ಮೊಮ್ಮಕ್ಕಳಿಗೆ ಸಂಗ್ರಾಣಿ ಕಲ್ಲಿನ ಕಥೆ ಹೇಳುತ್ತಿದ್ದೆವು. ಕಥೆಯ ಭರದಲ್ಲಿ ಎದ್ದು ಮಗನ 16 ಕಿಲೋ ಗುಂಡಿಗೆ ಕೈಹಾಕಿದೆವು. "ಅಪ್ಪಾರ, ಬ್ಯಾಡ್ರಿ, ಅದರ ಪದ್ಧತಿ ಬ್ಯಾರೆ ಐತ್ರಿ" ಎಂದು ಮಗನು ಒಳಗಿನಿಂದ ಕೂಗಿದ. ಮೂರು ಸಲ ತೂಗಿದ್ದು ನೆನಪಿದೆ. ನಾಲ್ಕನೆಯ ಸಲ ಸೊಂಟದ ಮೇಲ್ಗಡೆ ಕತ್ತಿಯಾಡಿಸಿದಂತಾಯಿತು. ಮೊಮ್ಮಗಳು ಕಿಟಾರನೆ ಕಿರುಚಿದಳು.

ಮೂರು ವಾರ ನಾವು ಹಾಸಿಗೆಯಲ್ಲಿಯೇ ಉಳಿದೆವು. ಐವತ್ತು ವರ್ಷಗಳಿಂದ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತು ಮಾಡಿದ ಲಿಂಗಪೂಜೆಯನ್ನು ದಿಂಬಿಗೆ ಒರಗಿ ಮಾಡಬೇಕಾಯಿತು. ಎಲುಬಿಗೆ ಪೆಟ್ಟಾಗಿಲ್ಲ, ಸ್ನಾಯು ಮಾತ್ರ ಸೆಳೆದಿದೆ ಎಂದು ವೈದ್ಯರು ಹೇಳಿದ್ದೇ ಸಮಾಧಾನ. ವಿಭೂತಿಯ ಬಟ್ಟಲಿನಿಂದ ಹಿಡಿದು ನೀರಿನ ತಂಬಿಗೆಯವರೆಗೆ ಎಲ್ಲವನ್ನೂ ಸೊಸೆಯೇ ಕೈಗೆ ತಂದುಕೊಡುತ್ತಿದ್ದಳು.

ಮಲಗಿದವನ ಕಣ್ಣಿಗೆ ಮನೆಯ ವ್ಯವಹಾರ ಚೆನ್ನಾಗಿ ಕಾಣುತ್ತದೆ. ನಮ್ಮ ಕೋಣೆಯ ಬಾಗಿಲಿನಿಂದ ಪಡಸಾಲೆಯೂ ಅಡುಗೆಮನೆಯ ಹೊಸ್ತಿಲೂ ಕಾಣುತ್ತಿದ್ದವು. ಒಂದು ಮಧ್ಯಾಹ್ನ ಗ್ಯಾಸ್ ಸಿಲಿಂಡರು ಬಂತು. ಅದರೊಳಗಿನ ಅನಿಲವೇ 14.2 ಕಿಲೋ, ಕಬ್ಬಿಣವೂ ಸೇರಿದರೆ ಸುಮಾರು 30 ಕಿಲೋ. ಸೊಸೆ ಅದನ್ನು ಹೊರಳಿಸುತ್ತ ತಂದು, ಹೊಸ್ತಿಲ ಬಳಿ ಕಾಲು ಅಗಲಿಸಿ ನಿಂತು, ಬೆನ್ನನ್ನು ನೆಟ್ಟಗಿಟ್ಟು, ಸೊಂಟದ ಬಲದಿಂದ ಎತ್ತಿ ಒಳಗಿಟ್ಟಳು. ಅದೇ ರಾತ್ರಿ ಸೋಫಾದಲ್ಲಿ ನಿದ್ದೆಹೋಗಿದ್ದ 18 ಕಿಲೋ ತೂಕದ ಮೊಮ್ಮಗನನ್ನು ಎಬ್ಬಿಸದೆ ಎತ್ತಿಕೊಂಡು ಹೋದಳು. ಇಂಥವಳಿಗೆ ನಾವು ಎರಡು ಕಿಲೋ ಗುಂಡನ್ನು ತಂದುಕೊಟ್ಟಿದ್ದೆವು! ಅರವತ್ತೈದು ದಾಟಿ, ವರ್ಷಗಳಿಂದ ಪುಸ್ತಕಕ್ಕಿಂತ ಭಾರವಾದದ್ದನ್ನು ಎತ್ತದ ನಾವು ಹದಿನಾರು ಕಿಲೋಗೆ ಕೈಹಾಕಿದ್ದೆವು. ಎರಡೂ ತಪ್ಪುಗಳ ಮೂಲ ಒಂದೇ. ಎದುರಿಗಿದ್ದ ಶರೀರವನ್ನು ನೋಡದೆ, ಗಂಡು ಹೆಣ್ಣೆಂಬ ಕಲ್ಪನೆಯನ್ನೂ ಹಿಂದಿನ ನೆನಪನ್ನೂ ನಂಬಿದ್ದೆವು.

ಮರುದಿನ ಅವಳನ್ನು ಕರೆದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮಾವಾರ, ತಪ್ಪು ತಿಳೀಬ್ಯಾಡ್ರಿ. ಅದು ಎತ್ತಿದ್ದೂ ಗೊತ್ತಾಗೂದಿಲ್ರಿ. ಹೆಗಲು ಮಾತ್ರ ನೋಯ್ತೈತ್ರಿ."

"ಮತ್ತ ಎರಡು ತಿಂಗಳ ಯಾಕ ಹೇಳಲಿಲ್ಲವ್ವ?"

"ನೀವು ಪ್ರೀತಿಲೆ ತಂದಿದ್ರಿ. ಹ್ಯಾಂಗ ಹೇಳ್ಲಿ?"

ಮನೆಯ ಹಿರಿಯರ ಮುಂದೆ ಬಾಯಿ ಬಿಡಲಾರದೆ ಸೊಸೆಯಂದಿರು ಹೊರುವ ಭಾರ ಯಾವ ಗುಂಡಿಗಿಂತಲೂ ಹೆಚ್ಚಿನದು. ತಾಯಿಯ ಪಾದವನ್ನು ಕಂಡು ನಡುಗಿದ ಮಗಳೊಬ್ಬಳ ಎರಡು ತಿಂಗಳುಗಳನ್ನು ನಾವು ನಮ್ಮ ದೊಡ್ಡತನದಿಂದ ವ್ಯರ್ಥಮಾಡಿದ್ದೆವು. ಕ್ಷಮೆ ಕೇಳಿದೆವು. ಅವಳು ಕಣ್ಣೊರೆಸಿಕೊಂಡು, "ಬಿಡ್ರಿ ಮಾವಾರ" ಎಂದು ಒಳಗೆ ಹೋದಳು.

ನಮ್ಮ ಬೆನ್ನಿನ ಚಿಕಿತ್ಸೆಗೆ ಬರುತ್ತಿದ್ದ ಫಿಸಿಯೋಥೆರಪಿ ಬಲ್ಲ ಹೆಣ್ಣುಮಗಳೊಬ್ಬರು ಮುಂದೆ ನಮ್ಮಿಬ್ಬರಿಗೂ ಗುರುವಾದರು. ಅವರಿಂದ ಕಲಿತದ್ದನ್ನೂ ನಾವು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಸಂಗ್ರಹಿಸಿ ಹೇಳುತ್ತೇವೆ.

ಕೆಟಲ್‌ಬೆಲ್ಲಿನ ಮುಖ್ಯ ವ್ಯಾಯಾಮ ಅದನ್ನು ಎರಡು ಕೈಯಿಂದ ಹಿಡಿದು ಕಾಲುಗಳ ನಡುವಿನಿಂದ ಎದೆಯ ಮಟ್ಟದವರೆಗೆ ತೂಗುವುದು. ನೋಡುವವರಿಗೆ ಕೈಗಳು ಎತ್ತುತ್ತಿವೆಯೆನಿಸುತ್ತದೆ. ವಾಸ್ತವವಾಗಿ ಕೈಗಳು ಬಾವಿಯ ಹಗ್ಗವಿದ್ದಂತೆ. ಕೆಲಸವೆಲ್ಲ ಪೃಷ್ಠ, ತೊಡೆ ಮತ್ತು ಸೊಂಟದ್ದು. ಪೃಷ್ಠವನ್ನು ಹಿಂದಕ್ಕೆ ಒತ್ತಿ, ಬೆನ್ನನ್ನು ನೇರವಾಗಿಟ್ಟು ಬಾಗಿ, ಸೊಂಟವನ್ನು ರಭಸದಿಂದ ನೇರಗೊಳಿಸಿದಾಗ ಗುಂಡು ತಾನಾಗಿ ಮೇಲೇರುತ್ತದೆ. ಶರೀರದ ಅತಿ ದೊಡ್ಡ ಸ್ನಾಯುಗಳು ಒಟ್ಟಾಗಿ ದುಡಿಯುವುದರಿಂದ ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬರುತ್ತದೆ. ಮಳೆಗಾಲದಲ್ಲಿ ನಾಲ್ಕು ಹೆಜ್ಜೆಯ ಜಾಗದಲ್ಲಿಯೇ ಓಡಿದಷ್ಟು ಶ್ರಮ ಸಿಗುವುದು ಹೀಗೆ.

ಗುಂಡು ತೀರ ಹಗುರವಾದರೆ ಸೊಂಟಕ್ಕೆ ಕೆಲಸವೇ ಬೀಳದೆ ಕೈಯೂ ಹೆಗಲೂ ಅದನ್ನು ಎತ್ತಿಬಿಡುತ್ತವೆ. ಸೊಸೆಯ ಹೆಗಲು ನೋಯುತ್ತಿದ್ದ ಕಾರಣ ಇದೇ. ತೀರ ಭಾರವಾದರೆ ಕೆಳಗಿಳಿಯುವಾಗ ಅದು ಶರೀರವನ್ನು ಮುಂದಕ್ಕೆ ಸೆಳೆದು ಬೆನ್ನನ್ನು ಬಿಲ್ಲಿನಂತೆ ಬಾಗಿಸುತ್ತದೆ. ನಮಗಾದ ಗತಿ ಅದು.

ಹಾಗಾದರೆ ಯೋಗ್ಯ ಭಾರ ಯಾವುದು? ಆರೋಗ್ಯವಂತರಾಗಿ ಹೊಸದಾಗಿ ಆರಂಭಿಸುವ ಸ್ತ್ರೀಯರಿಗೆ 6ರಿಂದ 8 ಕಿಲೋ, ಮನೆಗೆಲಸದಲ್ಲಿಯೋ ಹೊಲದಲ್ಲಿಯೋ ಭಾರ ಎತ್ತಿ ರೂಢಿಯಿದ್ದವರಿಗೆ 8ರಿಂದ 12. ಪುರುಷರಿಗೆ 12ರಿಂದ 16. ಅರವತ್ತು ದಾಟಿದವರು ಮತ್ತು ಬಹುಕಾಲ ಕುಳಿತೇ ಕೆಲಸ ಮಾಡಿದವರು 4ರಿಂದ 8 ಕಿಲೋದೊಳಗೆ ಆರಂಭಿಸುವುದು ಕ್ಷೇಮ. ಇವು ದಿಕ್ಕು ತೋರಿಸುವ ಅಂಕಿಗಳೇ ಹೊರತು ಶಾಸನಗಳಲ್ಲ. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಗುಂಡನ್ನು ತೂಗದೆ, ನೆಲದಿಂದ ನಿಧಾನವಾಗಿ ಎತ್ತಿ ನಿಂತು, ಮತ್ತೆ ನಿಧಾನವಾಗಿ ಇಳಿಸಬೇಕು. ಹೀಗೆ ಹತ್ತು ಸಲ. ಹತ್ತನೆಯ ಸಲವೂ ಬೆನ್ನು ಮೊದಲಿನಷ್ಟೇ ನೇರವಾಗಿದ್ದು, ಉಸಿರು ಕಟ್ಟದೆ ಒಂದು ಪೂರ್ಣ ವಾಕ್ಯ ಮಾತಾಡಲು ಸಾಧ್ಯವಾದರೆ ಅದು ನಿಮ್ಮ ಗುಂಡು. ಐದನೆಯದಕ್ಕೇ ಬೆನ್ನು ಬಾಗಿದರೆ ಒಂದು ಮೆಟ್ಟಿಲು ಇಳಿಯಬೇಕು. ಹತ್ತು ಸಲ ಎತ್ತಿದರೂ ಎತ್ತಿದಂತೆಯೇ ಅನಿಸದಿದ್ದರೆ ಒಂದು ಮೆಟ್ಟಿಲು ಏರಬೇಕು. ಪಕ್ಕದಲ್ಲಿ ನಿಂತು ಬೆನ್ನನ್ನು ನೋಡುವವರೊಬ್ಬರು ಇರಲಿ. ತನ್ನ ಬೆನ್ನು ತನಗೆ ಕಾಣುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ತಲೆಯ ಮೇಲಕ್ಕೆ ಎತ್ತುವ ಕೆಲಸ ಹೆಗಲಿನದು, ತೂಗುವ ಕೆಲಸ ಸೊಂಟದ್ದು. ಹೆಗಲು ಚಿಕ್ಕದು, ಸೊಂಟ ದೊಡ್ಡದು. ಆದ್ದರಿಂದ 12 ಕಿಲೋ ತೂಗಬಲ್ಲವರು ತಲೆಯ ಮೇಲಕ್ಕೂ ಅಷ್ಟನ್ನೇ ಎತ್ತಬೇಕೆಂಬ ಹಟ ಬೇಡ.

ಭಾರವನ್ನು ಏರಿಸುವಾಗಲೂ ಲೆಕ್ಕ ಬೇಕು. 8ರಿಂದ 12ಕ್ಕೆ ಹೋಗುವುದು ನಾಲ್ಕೇ ಕಿಲೋ ಎನಿಸುತ್ತದೆ. ಆದರೆ ಅದು ಇದ್ದ ಭಾರದ ಅರ್ಧದಷ್ಟು ಏರಿಕೆ. ಅದಕ್ಕಾಗಿ ಮೊದಲು ಎಣಿಕೆ ಏರಿಸಿ, ಆಮೇಲೆ ಗುಂಡು ಬದಲಿಸಬೇಕು. ಹತ್ತು ಸಲ ತೂಗಿ, ಉಸಿರು ಸಮನಾಗುವವರೆಗೆ ನಿಂತು, ಮತ್ತೆ ಹತ್ತು. ಹೀಗೆ ನಾಲ್ಕು ಸುತ್ತಿನಿಂದ ಆರಂಭಿಸಿ, ಎಂಟು ಹತ್ತು ಸುತ್ತು ಸುಲಲಿತವಾದ ಮೇಲೆ ಮುಂದಿನದು. ವಾರಕ್ಕೆ ಮೂರು ದಿನ ಸಾಕು. ಈ ಜಿಲ್ಲೆಗಳ ಹೆಮ್ಮೆಯ ಭಾರ ಎತ್ತುವ ಪಟು, ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿಯನ್ನೂ, 2022ರಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚನ್ನೂ ಪಡೆದರು. ಆ ಎರಡು ಪದಕಗಳ ನಡುವೆ ನಾಲ್ಕು ವರ್ಷ, ಇಪ್ಪತ್ತು ಕಿಲೋ. ಅಂಥ ಸಾಧಕರಿಗೇ ಇಷ್ಟು ಕಾಲ ಬೇಕಾದರೆ, ಒಂದು ತಿಂಗಳಿನಲ್ಲಿ ಭಾರವನ್ನು ಇಮ್ಮಡಿಗೊಳಿಸುವ ಆತುರ ನಮಗೇಕೆ?

ಗುಂಡೊಂದರಿಂದಲೇ ತೂಕ ಇಳಿಯುತ್ತದೆಂಬ ಭ್ರಮೆಯೂ ಸಲ್ಲದು. ಶರೀರದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿಯಿದೆ. ಅರ್ಧ ಗಂಟೆಯ ಚುರುಕು ನಡಿಗೆಯಿಂದ ವ್ಯಯವಾಗುವುದು ಸುಮಾರು 150. ಅಂದರೆ ಊಟದಲ್ಲಿ ಬದಲಾವಣೆ ಮಾಡದೆ ಕೇವಲ ನಡೆದು ಒಂದು ಕಿಲೋ ಇಳಿಸಲು ಐವತ್ತಕ್ಕೂ ಹೆಚ್ಚು ದಿನ ಬೇಕು. ಒಂದೆರಡು ಶೇಂಗಾ ಹೋಳಿಗೆ ಆ ದಿನದ ಶ್ರಮವನ್ನೆಲ್ಲ ನುಂಗಿಬಿಡುತ್ತವೆ. ತೂಕ ಇಳಿಯುವುದು ಮುಖ್ಯವಾಗಿ ಎಡೆಯಲ್ಲಿ. ಹಾಗಾದರೆ ಭಾರವೇಕೆ ಎತ್ತಬೇಕು? ಬರಿಯ ಉಪವಾಸದಿಂದ ಇಳಿಸಿದವರ ಶರೀರದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ಭಾರ ಎತ್ತುವವರಲ್ಲಿ ಸ್ನಾಯು ಉಳಿಯುತ್ತದೆ. ರಕ್ತದ ಸಕ್ಕರೆಯನ್ನು ಹೀರಿಕೊಳ್ಳುವ ಬಹುದೊಡ್ಡ ಅಂಗ ಸ್ನಾಯುವೇ ಆದ್ದರಿಂದ ಮಧುಮೇಹದ ಭಯವುಳ್ಳವರಿಗೆ ಇದು ಸಣ್ಣ ಲಾಭವಲ್ಲ. ನಮ್ಮದು ಶಾಕಾಹಾರವಾದ್ದರಿಂದ ಅನ್ನ ರೊಟ್ಟಿಗಳನ್ನು ಕಡಿಮೆ ಮಾಡಿ ಬೇಳೆ, ಮೊಳಕೆ ಬರಿಸಿದ ಮಡಿಕೆ ಹೆಸರು, ಮೊಸರು, ಸೊಪ್ಪಿನ ಪಲ್ಯಗಳನ್ನು ಹೆಚ್ಚಿಸಿದೆವು. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ತನ್ನ ಸೂಚನೆಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದೊಡನೆ, ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ವಿಧಿಸಿದೆ.

ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಹಳೆಯ ಬೆನ್ನುನೋವು ಉಳ್ಳವರೂ ಗರ್ಭಿಣಿ ಬಾಣಂತಿಯರೂ ವೈದ್ಯರನ್ನು ಕೇಳದೆ ಆರಂಭಿಸಬಾರದು. ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಬೆವರಿದ ಅಂಗೈ ಜಾರುತ್ತದೆ. ಈ ಊರಿನ ಸೆಕೆಯಲ್ಲಂತೂ ಸುತ್ತಿಗೊಮ್ಮೆ ಕೈ ಒರೆಸಿಕೊಳ್ಳಲೇಬೇಕು. ಗುಂಡನ್ನೂ ಒಣಬಟ್ಟೆಯಿಂದ ಒರೆಸಿಡದಿದ್ದರೆ ತುಕ್ಕು ಹಿಡಿಯುತ್ತದೆ. ಮುಖ್ಯವಾಗಿ, ತೂಗುವವರ ಮುಂದೆ ಹಿಂದೆ ಮಕ್ಕಳು ಸುಳಿಯದಂತೆ ನೋಡಿಕೊಳ್ಳಬೇಕು.

ಸೊಸೆ 8 ಕಿಲೋದಿಂದ ಆರಂಭಿಸಿ ನಾಲ್ಕು ತಿಂಗಳ ಮೇಲೆ 12ಕ್ಕೆ ಏರಿದಳು. ಹದಿಮೂರು ತಿಂಗಳಲ್ಲಿ ಅವಳ ತೂಕ 72ರಿಂದ 65ಕ್ಕೂ, ಸೊಂಟದ ಸುತ್ತಳತೆ 92 ಸೆಂಟಿಮೀಟರಿನಿಂದ 84ಕ್ಕೂ ಇಳಿಯಿತು. ಭಾರತೀಯ ಸ್ತ್ರೀಯರಿಗೆ 80ರೊಳಗೆ ಇರಬೇಕೆನ್ನುತ್ತಾರಾದ್ದರಿಂದ ಇನ್ನೂ ಸ್ವಲ್ಪ ದಾರಿ ಉಳಿದಿದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಪರೀಕ್ಷೆಯಲ್ಲಿ 6.1 ಇದ್ದದ್ದು 5.6 ಆಯಿತು. ಮಧುಮೇಹದ ಹೊಸ್ತಿಲಿಗೆ ಬಂದಿದ್ದವಳು ಒಂದು ಹೆಜ್ಜೆ ಹಿಂದೆ ಸರಿದಳು. ಆ ಕಾಗದವನ್ನು ಅವಳು ಮೊದಲು ತೋರಿಸಿದ್ದು ಫೋನಿನಲ್ಲಿ ತನ್ನ ತಾಯಿಗೆ.

ನಾವು ಬೆನ್ನು ಪೂರ್ತಿ ವಾಸಿಯಾದ ಮೇಲೆ 4 ಕಿಲೋದಿಂದ ಆರಂಭಿಸಿ ಈಗ 6 ಕಿಲೋ ತೂಗುತ್ತಿದ್ದೇವೆ. ಪಕ್ಕದಲ್ಲಿ ನಿಂತು ನಮ್ಮ ಬೆನ್ನನ್ನು ನೋಡುವವಳು ಸೊಸೆ. "ಮಾವಾರ, ಬಾಗಾಕತ್ತೀರಿ, ಸಾಕು ಮಾಡ್ರಿ" ಎಂದು ಅವಳು ಹೇಳಿದರೆ ಮರುಮಾತಿಲ್ಲದೆ ಇಳಿಸುತ್ತೇವೆ. ಮತ್ತೆ ನೆಲದ ಮೇಲೆ ಕುಳಿತು ಪೂಜೆ ಮಾಡುವ ಭಾಗ್ಯ ನಮಗೆ ದೊರೆತಿದೆ. ಗುರುಗಳು ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಹೇಳಲು ಐವತ್ತು ವರ್ಷ ತಡವಾಯಿತು: ನಮಗೆ ಬೇಕಾದದ್ದು ದಿನಾ ಎತ್ತುವ ಕಲ್ಲು.

ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಯಾರಿಗೆ ಎಷ್ಟು ಭಾರವೆಂದು ನಿಶ್ಚಯಿಸುವ ಮುನ್ನ ಹೊರುವವರನ್ನೇ ಒಂದು ಮಾತು ಕೇಳಿರಿ. ನಾವು ಅಂದು ತಂದುಕೊಟ್ಟ ಎರಡು ಕಿಲೋ ಗುಂಡನ್ನು ಎಸೆದಿಲ್ಲ. ಕಡಲ ಗಾಳಿಗೆ ಪಡಸಾಲೆಯ ಬಾಗಿಲು ಬಡಿದುಕೊಳ್ಳದಂತೆ ತಡೆಯುವ ಕೆಲಸಕ್ಕೆ ಅದು ತಕ್ಕ ಭಾರವಾಗಿದೆ.